ಗೃಹಕಂಟಕಶೋಧನ

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಪ್ರಜೆಗಳ ಕಾಲಿಗೆ ಮುಳ್ಳಾಗಿರತಕ್ಕ ವಂಚಕರನ್ನೂ ಚೋರರನ್ನೂ ಅರಸನು ಹುಡುಕಿ ತೆಗೆಯಬೇಕಾದ ಬಗೆಯನ್ನು ಅದರಲ್ಲಿ ಹೇಳಿದೆ. ಆ ಅಧಿಕರಣದಲ್ಲಿಯೇ ಬೆಂಕಿ, ನೆರೆ, ವ್ಯಾಧಿ, ದುರ್ಭಿಕ್ಷಗಳ ಸಾಲಿನಲ್ಲಿ ಇಲಿಗಳನ್ನೂ ಎಣಿಸಿ, ಇಲಿಗಳ ಭಯವುಂಟಾದಾಗ ಬೆಕ್ಕು ಮುಂಗುಸಿಗಳನ್ನು ಬಿಡತಕ್ಕದ್ದೆಂದೂ, ಆ ಪ್ರಾಣಿಗಳನ್ನು ಹಿಡಿದವನಿಗೂ ಕೊಂದವನಿಗೂ 12 ಪಣ ದಂಡವೆಂದೂ, ಕಳ್ಳಿಯ ಹಾಲು ಸವರಿದ ಧಾನ್ಯವನ್ನು ಚೆಲ್ಲಬಹುದೆಂದೂ ಗ್ರಂಥಕಾರನು ವಿಧಿಸಿರುವನು. ವಿದ್ಯಾರ್ಥಿದೆಶೆಯಲ್ಲಿ ಈ ಭಾಗವನ್ನು ಓದುವಾಗ ನಮಗೆ ನಗು ಬಂದಿತ್ತು. ರಾಜ್ಯವನ್ನಾಳುವ ನೀತಿ ಹೇಳುವವನಿಗೆ ಇಲಿಯ ಚಿಂತೆಯೇಕೆಂದು ಸಹಪಾಠಿಗಳೊಡನೆ ಪರಿಹಾಸ ಮಾಡಿದ್ದೆವು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ, ಈಗ ಹಗಲೆಲ್ಲ ಮನೆಯಲ್ಲಿಯೇ ಕುಳಿತಿರುವ ಕಾಲ ಬಂದ ಮೇಲೆ ಆ ನಗು ಅಡಗಿದೆ.

ಮನೆಯನ್ನು ಕಾಡುವ ಕ್ಷುದ್ರಜೀವಿಗಳ ವಿಷಯದಲ್ಲಿ ನಮ್ಮವರಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ. ಉಪದೇಶಮಾಡುವ ಅಧಿಕಾರ ನಮಗಿದೆಯೆಂದಲ್ಲ. ಇವುಗಳಲ್ಲಿ ಹೆಚ್ಚಿನವನ್ನು ನಾವೇ ಬಹುಕಾಲ ನಂಬಿಕೊಂಡಿದ್ದು, ಅದರ ಫಲವನ್ನು ನಾವೇ ಉಂಡವರು.

ಮೊದಲು ಸೊಳ್ಳೆಯ ವಿಚಾರ. ಕಳೆದ ವರ್ಷದ ಆಷಾಢಮಾಸದಲ್ಲಿ ನಮ್ಮ ಮೊಮ್ಮಗಳಿಗೆ ಜ್ವರ ಬಂದಿತು. ಮಗುವಿಗೆ ಏಳು ವರ್ಷ. ಮೂರು ದಿನ ಮೈ ಕೆಂಡವಾಗಿದ್ದು, ನಾಲ್ಕನೆಯ ದಿನ ಜ್ವರ ಇಳಿಯಿತು. ಗಂಡಾಂತರ ಕಳೆಯಿತೆಂದು ನಾವು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆವು. ಆದರೆ ಡೆಂಗ್ಯೂ ಜ್ವರದಲ್ಲಿ ತಾಪ ಇಳಿಯುವ ಸಮಯವೇ ಹೆಚ್ಚು ಅಪಾಯದ ಸಮಯವೆಂಬುದು ನಮಗೆ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಹೊಟ್ಟೆನೋವು, ಪದೇಪದೇ ವಾಂತಿ, ಕೈಕಾಲು ತಣ್ಣಗಾದವು. ವೈದ್ಯರು ಕೂಡಲೆ ಆಸ್ಪತ್ರೆಗೆ ಸೇರಿಸಿಕೊಂಡರು. ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳ ಸಂಖ್ಯೆಯನ್ನು ಬೆಳಗ್ಗೆ ಸಂಜೆ ಕೇಳುತ್ತ, ಆ ಅಂಕೆಗಳನ್ನೇ ಜಪದಂತೆ ಎಣಿಸುತ್ತ ಎಂಟು ದಿನ ಅಲ್ಲಿ ಕಳೆದೆವು. ಮಗು ಬದುಕಿತು. ಆ ಎಂಟು ದಿನಗಳ ವಿಷಯವನ್ನು ಇದಕ್ಕಿಂತ ಹೆಚ್ಚಾಗಿ ಬರೆಯಲಾರೆವು.

ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ನಾರುತ್ತಿದ್ದುದರಿಂದ, ಸ್ಥಳೀಯ ಕಾರ್ಯಾಲಯಕ್ಕೆ ಅದಕ್ಕೂ ಹಿಂದೆಯೇ ಎರಡು ವಿಜ್ಞಾಪನಾಪತ್ರಗಳನ್ನು ಬರೆದಿದ್ದೆವು. ಆಸ್ಪತ್ರೆಯಿಂದ ಬಂದ ಮೇಲೆ ಮೂರನೆಯದನ್ನು ಬರೆದೆವು. ಅದರ ಭಾಷೆ ಸ್ವಲ್ಪ ಕಟುವಾಗಿಯೇ ಇದ್ದಿತು. ಇದಾದ ನಾಲ್ಕು ದಿನಗಳಿಗೆ ಆರೋಗ್ಯ ಇಲಾಖೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಕೈಯಲ್ಲಿ ಟಾರ್ಚು ಹಿಡಿದು ಬಂದಳು. ನಾವು ಚರಂಡಿಯನ್ನು ತೋರಿಸಲು ಎದ್ದೆವು. ಆಕೆ ಅತ್ತ ತಿರುಗಿಯೂ ನೋಡದೆ ನೇರವಾಗಿ ಒಳಗೆ ಬಂದು, ಮಗು ಕುಳಿತು ಪಾಠ ಓದಿಕೊಳ್ಳುವ ಕಿಟಕಿಯ ಬಳಿ ನಿಂತಳು. ಅಲ್ಲಿ ಒಂದು ಗಾಜಿನ ಬುಂಡೆಯಲ್ಲಿ ನಾವೇ ಎರಡು ವರ್ಷದಿಂದ ನೀರೆರೆದು ಬೆಳೆಸಿದ್ದ ಬಳ್ಳಿಯೊಂದು ಹಬ್ಬಿತ್ತು. ಬೆಳಕು ಬಿಟ್ಟು ತೋರಿಸಿದಳು. ಸ್ಫಟಿಕದಂಥ ನೀರು, ಅದರೊಳಗೆ ಕೊಂಕಿ ಕೊಂಕಿ ಈಜುತ್ತಿದ್ದ ಇಪ್ಪತ್ತು ಮೂವತ್ತು ಮರಿಹುಳುಗಳು. ಮಹಡಿಯ ಮೇಲೆ ಹಕ್ಕಿಗಳಿಗೆಂದು ಇಟ್ಟಿದ್ದ ಮಣ್ಣಿನ ತಟ್ಟೆಯಲ್ಲಿಯೂ, ತಂಪುಪೆಟ್ಟಿಗೆಯ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಯಲ್ಲಿಯೂ ಅವೇ. ಚರಂಡಿಯ ಸೊಳ್ಳೆ ಬೇರೆ ಜಾತಿಯದೆಂದೂ, ಡೆಂಗ್ಯೂವನ್ನು ಹರಡುವುದು ಮನೆಯೊಳಗಿನ ತಿಳಿನೀರಿನಲ್ಲಿ ಹುಟ್ಟುವುದೆಂದೂ ಆಕೆ ಹೇಳಿದಳು. ಆಕೆಯ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ನಮಗೆ ಮಾತ್ರ ತಲೆಯೆತ್ತಲಾಗಲಿಲ್ಲ.

ಸೊಳ್ಳೆ ಕೊಳೆಯಿಂದ ಹುಟ್ಟುವುದೆಂಬುದು ಅರ್ಧಸತ್ಯ. ಚರಂಡಿಯ ಕೊಳೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಆನೆಕಾಲು ರೋಗವನ್ನು ಹರಡತಕ್ಕದ್ದು. ಮಲೇರಿಯವನ್ನು ಹರಡುವ ಅನಾಫಿಲಿಸ್ ಜಾತಿಗೆ ಸಾಮಾನ್ಯವಾಗಿ ತಿಳಿನೀರೇ ಬೇಕು; ಪಟ್ಟಣಗಳಲ್ಲಿ ಬಾವಿಗಳೂ ಮೇಲ್ಮಾಳಿಗೆಯ ತೊಟ್ಟಿಗಳೂ ಅದರ ತೌರುಮನೆ. 1897ನೆಯ ಇಸವಿ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಮಲೇರಿಯದ ಜೀವಾಣುವನ್ನು ಕಂಡುಹಿಡಿದದ್ದು ಈ ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿಯೇ. ಡೆಂಗ್ಯೂವಿನ ಈಡಿಸ್ ಸೊಳ್ಳೆಯಾದರೋ ಹೂಜಿ, ಹೂಕುಂಡದ ಅಡಿತಟ್ಟೆ, ಒಡೆದ ತೆಂಗಿನ ಚಿಪ್ಪು, ಮೂಲೆಗೆ ಬಿಸುಟ ಟೈರುಗಳಲ್ಲಿ ಸಂಸಾರ ಹೂಡುತ್ತದೆ. ಅದರ ಕಾಲುಗಳಲ್ಲಿ ಬಿಳಿಯ ಪಟ್ಟೆಗಳಿರುವುವು. ಬಹುದೂರ ಹಾರುವ ಶಕ್ತಿ ಅದಕ್ಕಿಲ್ಲ; ಹೆಚ್ಚಾಗಿ ಹುಟ್ಟಿದ ಮನೆಯ ಸುತ್ತಮುತ್ತಲೇ ಬಾಳುವುದು. ಅದು ಕಚ್ಚುವುದೂ ಹಗಲಿನಲ್ಲಿ, ವಿಶೇಷವಾಗಿ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚೆ. ನಾವು ದೀಪ ಹಚ್ಚುವ ವೇಳೆಗೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ರಾತ್ರಿ ಪರದೆಯೊಳಗೆ ಮಲಗಿ ನಿಶ್ಚಿಂತರಾಗಿದ್ದೆವು. ಕಳ್ಳನು ಹಗಲು ಬಂದು ಹೋಗಿದ್ದನು.

ಮತ್ತೊಂದು ಮಾತು. ನೀರನ್ನು ಚೆಲ್ಲಿಬಿಟ್ಟರೆ ಸಾಕೆಂದು ಅನೇಕರು ತಿಳಿದಿರುವರು, ಸಾಲದು. ಈ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗೆ ಸ್ವಲ್ಪ ಮೇಲೆ ಪಾತ್ರೆಯ ಒಳಮೈಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಅವು ಅಲ್ಲಿಯೇ ಒಣಗಿ ತಿಂಗಳುಗಟ್ಟಲೆ ಜೀವ ಹಿಡಿದಿರುವುವು. ಮತ್ತೆ ನೀರು ತಾಕಿದೊಡನೆ ಒಡೆಯುವುವು. ಅಲ್ಲಿಂದ ಮುಂದೆ ರೆಕ್ಕೆ ಬರಲು ಸುಮಾರು ಎಂಟು ಹತ್ತು ದಿನ ಸಾಕು. ಆದಕಾರಣ ವಾರಕ್ಕೊಮ್ಮೆ ಪಾತ್ರೆಯ ಒಳಮೈಯನ್ನು ನಾರಿನಿಂದ ಒತ್ತಿ ತಿಕ್ಕಿ ತೊಳೆದು ಬೋರಲುಹಾಕತಕ್ಕದ್ದು. ಖಾಲಿಮಾಡಲಾಗದ ತೊಟ್ಟಿಗೆ ಬಟ್ಟೆಯನ್ನಾದರೂ ಬಿಗಿಯಾಗಿ ಕಟ್ಟಬೇಕು; ಬಾವಿಗೆ ಗಪ್ಪಿ ಮೀನುಗಳನ್ನು ಬಿಡಬಹುದು. ಬೀದಿಯಲ್ಲಿ ಹೊಗೆ ಬಿಡುವ ಯಂತ್ರ ಬಂದಾಗ ಮಕ್ಕಳು ಅದರ ಹಿಂದೆ ಓಡುವುದನ್ನೂ, ದೊಡ್ಡವರು ಕೃತಾರ್ಥರಾದಂತೆ ನಿಂತು ನೋಡುವುದನ್ನೂ ಕಂಡಿದ್ದೇವೆ. ಆ ಹೊಗೆಯಿಂದ ಸಾಯುವುದು ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಗಳು ಮಾತ್ರ. ನಮ್ಮ ಗಾಜಿನ ಬುಂಡೆಯೊಳಗಿನ ಸಂತಾನಕ್ಕೆ ಅದರ ಸುದ್ದಿಯೂ ಮುಟ್ಟದು. ಸೊಳ್ಳೆಬತ್ತಿಯ ಹೊಗೆ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಒಂದು ಬತ್ತಿ ಉರಿದು ಮುಗಿಯುವುದರೊಳಗೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟೆಂದು 2003ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಲೆಕ್ಕಹಾಕಿರುವರು. ಮುಚ್ಚಿದ ಕೊಠಡಿಯಲ್ಲಿ, ತೊಟ್ಟಿಲ ಕೆಳಗೆ, ಅದನ್ನು ಹಚ್ಚಿಡುವ ಮನೆಗಳು ಎಷ್ಟೋ ಇವೆ.

ಇನ್ನು ಇಲಿಗಳು. ಮೂಷಕವೆಂಬ ಶಬ್ದ ಕದಿಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಹೆಸರಿಟ್ಟವರು ಪ್ರಾಣಿಯನ್ನು ಚೆನ್ನಾಗಿ ಬಲ್ಲವರು. ನಮ್ಮ ಅಜ್ಜಿಯವರು ಬೋನು ಇಡುವ ದಿನ ಮನೆಯಲ್ಲಿ ಯಾರೂ ಇಲಿಯ ಹೆಸರೆತ್ತಕೂಡದೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ಇಲಿಗೆ ಮನುಷ್ಯರ ಮಾತು ತಿಳಿಯುತ್ತದೆ, ಕೇಳಿಸಿಕೊಂಡರೆ ಬೋನಿನ ಬಳಿಗೆ ಸುಳಿಯುವುದಿಲ್ಲವೆಂದು ಅವರ ನಂಬಿಕೆ. ಬೋನು ಇಟ್ಟ ಮೊದಲ ಎರಡು ಮೂರು ರಾತ್ರಿ ಇಲಿ ಬೀಳದಿರುವುದನ್ನು ಅವರು ಕಂಡಿದ್ದರು. ಅವರು ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ತನ್ನ ದಾರಿಯಲ್ಲಿ ಹೊಸ ವಸ್ತು ಯಾವುದು ಕಂಡರೂ ಇಲಿ, ಅದರಲ್ಲಿಯೂ ಹೆಗ್ಗಣ, ಶಂಕಿಸಿ ದೂರವಿರುತ್ತದೆ. ಬೋನಿಗೆ ಕೊಕ್ಕೆ ಹಾಕದೆ ಕೆಲವು ದಿನ ಬರಿಯ ತಿಂಡಿಯಿಟ್ಟು ಅಭ್ಯಾಸ ಮಾಡಿಸಿ, ಬಳಿಕ ಕೊಕ್ಕೆ ಹೂಡಿದರೆ ನಾವು ಗಟ್ಟಿಯಾಗಿ ಪುರಾಣ ಓದುತ್ತಿದ್ದರೂ ಅದು ಬೀಳುವುದು. ವಿಷದ ವಿಷಯವೂ ಹೀಗೆಯೇ. ಇಲಿ ಹೊಸ ಆಹಾರವನ್ನು ಚೂರು ರುಚಿನೋಡಿ ನಿಲ್ಲಿಸುತ್ತದೆ. ಕೂಡಲೆ ಸಂಕಟವಾದರೆ ಆ ತಿಂಡಿಯನ್ನು ಮತ್ತೆ ಮುಟ್ಟದು. ವಾಂತಿಮಾಡುವ ಶಕ್ತಿ ಇಲಿಗೆ ಇಲ್ಲ. ಆದಕಾರಣವೇ ಇಷ್ಟು ಎಚ್ಚರಿಕೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕಾರು ದಿನಗಳ ಮೇಲೆ ಕೊಲ್ಲುವ ನಿಧಾನವಿಷಗಳನ್ನು ಹುಡುಕಿದ್ದು ಈ ಕಾರಣದಿಂದಲೇ. ಅಂಗಡಿಯವರು, ಈ ವಿಷ ತಿಂದ ಇಲಿ ಬಾಯಾರಿ ಹೊರಗೆ ಹೋಗಿ ಸಾಯುತ್ತದೆಂದು ಆಣೆಯಿಟ್ಟು ಹೇಳುವುದುಂಟು. ಅಟ್ಟದ ಮೇಲೆ ಸತ್ತ ಹೆಗ್ಗಣದ ವಾಸನೆಯನ್ನು ಹದಿನೈದು ದಿನ ಅನುಭವಿಸಿದವರು ಆ ಮಾತನ್ನು ನಂಬಲಾರರು.

ಸತ್ತ ಇಲಿಯಿಂದ ಭಯವಿಲ್ಲವೆಂಬುದು ಮತ್ತೊಂದು ಭ್ರಮೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದಿತು. ಮಲ್ಲೇಶ್ವರ ಬಸವನಗುಡಿ ಬಡಾವಣೆಗಳು ಆ ಕಾಲದವು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ಹೋಗುತ್ತಿದ್ದರೆಂದು ನಮ್ಮ ಮನೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗಮಾಡಿ, ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಚಿಗಟಗಳು ಬಿಟ್ಟು ಹೊಸ ಆಸರೆ ಹುಡುಕುವುವೆಂದೂ, ಪ್ಲೇಗನ್ನು ದಾಟಿಸುವುವು ಅವೇ ಎಂದೂ ತೋರಿಸಿದನು. ಪಂಡಿತರು ಅವನನ್ನು ಹಲವು ವರ್ಷ ನಂಬಲಿಲ್ಲ. ಓದುಬರಹವಿಲ್ಲದ ನಮ್ಮ ಜನ, ಕಾರಣ ತಿಳಿಯದೆಯೇ, ಮಾಡಬೇಕಾದುದನ್ನು ಮಾಡಿದ್ದರು. ಈಗ ಆ ಮಾರಿ ಇಲ್ಲದಿದ್ದರೂ ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಮಳೆಗಾಲದಲ್ಲಿ ಉಂಟು. ಸತ್ತ ಇಲಿಯನ್ನು ಬರಿಗೈಯಿಂದ ಬಾಲ ಹಿಡಿದು ಎಸೆಯುವ ವಾಡಿಕೆಯನ್ನು ಬಿಡುವುದು ಲೇಸು.

ಇಲ್ಲಿ ಒಂದು ಶಬ್ದವಿಚಾರ. ಅಧ್ಯಾಪಕರ ಚಪಲವೆಂದು ವಾಚಕರು ಕ್ಷಮಿಸಬೇಕು. ಅಂಗಡಿಗೆ ಹೋಗಿ ನಾವು ಕೇಳುವುದು ‘ಇಲಿ ಔಷಧಿ’, ‘ಜಿರಲೆ ಔಷಧಿ’, ‘ತಿಗಣೆ ಔಷಧಿ’. ಹಳಬರು ಇಲಿಪಾಷಾಣವೆನ್ನುತ್ತಿದ್ದರು. ಪಾಷಾಣವೆಂಬ ಮಾತು ಕಿವಿಗೆ ಬಿದ್ದರೆ ಕೈ ತಾನಾಗಿ ಹಿಂಜರಿಯುವುದು; ಔಷಧಿಯೆಂದರೆ ಹಿಂಜರಿಯುವುದಿಲ್ಲ. ಔಷಧಿಯೆಂದಾದ ಮೇಲೆ ಅದನ್ನು ಜ್ವರದ ಗುಳಿಗೆಗಳ ಪಕ್ಕದಲ್ಲಿಡುವೆವು, ಉಳಿದುದನ್ನು ಪಾನಕದ ಸೀಸೆಗೆ ಸುರಿದಿಡುವೆವು. ಒಂದು ಚಮಚಕ್ಕೆ ಹೋಗದಿದ್ದರೆ ಎರಡು ಚಮಚ ಹಾಕುವೆವು. ಜಿರಲೆಯನ್ನು ನಿಲ್ಲಿಸಲು ಎಳೆಯುವ ಗೆರೆಯ ಕಡ್ಡಿಯಂತೂ ನಾವು ಜೀವಮಾನವೆಲ್ಲ ಕೈಯಲ್ಲಿ ಹಿಡಿದ ಸೀಮೆಸುಣ್ಣದ ಕಡ್ಡಿಯ ಪ್ರತಿರೂಪ. ಅದರಲ್ಲಿರುವುದು ಕೀಟನಾಶಕ ವಿಷ. ಮಗು ಅದನ್ನು ಹಿಡಿದು ನೆಲದ ಮೇಲೆ ಅಕ್ಷರ ತಿದ್ದಿ, ಅದೇ ಬೆರಳನ್ನು ಬಾಯಿಗಿಟ್ಟರೆ ತಪ್ಪು ಯಾರದು?

ಇಂಥ ಡಬ್ಬಿಗಳ ಮೇಲೆ ವಜ್ರಾಕೃತಿಯ ಗುರುತೊಂದಿರುವುದು. ಅದರ ಕೆಳಭಾಗದ ತ್ರಿಕೋಣದ ಬಣ್ಣವನ್ನು ಎಲ್ಲರೂ ನೋಡಿ ತಿಳಿಯತಕ್ಕದ್ದು. ಕೆಂಪು ಅತ್ಯುಗ್ರವಿಷಕ್ಕೆ, ಅದರಿಂದೀಚೆಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸುರು. ಹಸುರೆಂದರೆ ನಿರಪಾಯವೆಂದಲ್ಲ, ಉಳಿದವಕ್ಕಿಂತ ಸೌಮ್ಯವೆಂದಷ್ಟೇ ಅರ್ಥ. ಹಳದಿ ರಂಜಕವುಳ್ಳ ಇಲಿಪಾಷಾಣದ ಲೇಹ್ಯವೊಂದುಂಟು. ಅದನ್ನು ತಿಂದ ಮಗು ಒಂದೆರಡು ದಿನ ಚೆನ್ನಾಗಿಯೇ ಇರುವಂತೆ ಕಾಣಬಹುದು. ಒಳಗೆ ಯಕೃತ್ತು ನಾಶವಾಗುತ್ತಿರುವುದು. ‘ಆಡಿಕೊಂಡಿದೆಯಲ್ಲಾ’ ಎಂದು ತಡಮಾಡಿದವರು ಆಮೇಲೆ ಅಳುವರು.

ಎಲ್ಲಕ್ಕಿಂತಲೂ ಭಯಂಕರವಾದುದು ಧಾನ್ಯದ ಮೂಟೆಗಳಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯಲ್ಲಿನ ತೇವ ತಾಕಿದರೆ ಸಾಕು, 3 ಗ್ರಾಂ ತೂಕದ ಒಂದು ಗುಳಿಗೆ 1 ಗ್ರಾಂ ಫಾಸ್ಫೀನ್ ವಿಷವಾಯುವನ್ನು ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಶಿಕ್ಷಣ ಪಡೆದವರು ಉಗ್ರಾಣಗಳಲ್ಲಿ ಬಳಸತಕ್ಕ ಈ ವಸ್ತು ಹೇಗೋ ಮನೆಗಳಿಗೆ ನುಸುಳುತ್ತದೆ. ನಾವು ಬಯಲುಸೀಮೆಯ ಊರೊಂದರಲ್ಲಿ ಪಾಠ ಹೇಳುತ್ತಿದ್ದಾಗ, ನಮ್ಮ ತರಗತಿಯ ಹುಡುಗನೊಬ್ಬನ ಮನೆಯಲ್ಲಿ ಜೋಳದ ಮೂಟೆಗಳ ನಡುವೆ ಇಂಥ ನಾಲ್ಕು ಗುಳಿಗೆಗಳನ್ನಿಟ್ಟು, ಕದ ಮುಚ್ಚಿ, ಪಕ್ಕದ ಕೋಣೆಯಲ್ಲಿ ಮಲಗಿದರು. ಕದ ಮುಚ್ಚಿದರೆ ವಾಯು ನಿಲ್ಲುವುದೆಂದು ಅವರ ತಿಳಿವಳಿಕೆ. ರಾತ್ರಿ ಎಲ್ಲರಿಗೂ ವಾಂತಿಯಾಯಿತು. ಊಟದ ದೋಷವೆಂದು ಜೀರಿಗೆ ಕಷಾಯ ಕುಡಿದು ಮತ್ತೆ ಅಲ್ಲಿಯೇ ಮಲಗಿದರು. ಬೆಳಗಾಗುವುದರೊಳಗೆ ಹುಡುಗನ ತಂಗಿ ಹೋಗಿದ್ದಳು. ಅವನು ಶಾಲೆಗೆ ಮರಳಿ ಬಂದದ್ದು ಒಂದು ತಿಂಗಳ ಮೇಲೆ. ಹಾಜರಿ ಕರೆಯುವಾಗ ಅವನ ಹೆಸರು ಬಂದರೆ ನಮ್ಮ ದನಿ ಬದಲಾಗುತ್ತಿತ್ತು.

ನುಸಿಗುಳಿಗೆಯೆಂದು ಕರೆಯುವ ನ್ಯಾಫ್ತಲೀನ್ ಬಿಳಿಯ ಉಂಡೆಗಳನ್ನು ಎಲ್ಲರೂ ಸಾಧುವೆಂದೇ ಭಾವಿಸಿರುವರು. ಬಚ್ಚಲಿಗೆ ಹಾಕಿದರೆ ಜಿರಲೆ ಬಾರದು, ಮೂಲೆಗೆ ಹಾಕಿದರೆ ಹಲ್ಲಿ ಓಡುವುದು ಎಂಬುವು ಬರಿಯ ಮಾತುಗಳು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಅದರ ಆವಿ ತುಂಬಿದಾಗ ಬಟ್ಟೆ ತಿನ್ನುವ ಹುಳು ಸಾಯುವುದು, ಅಷ್ಟೇ. ಆದರೆ ಗೃಹಿಣಿಯರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಹುಟ್ಟಿದ ಕೂಸನ್ನು ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತುವುದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿಯೇ. ಆ ಸೀರೆ ನುಸಿಗುಳಿಗೆಯ ಪೆಟ್ಟಿಗೆಯಿಂದ ನೇರವಾಗಿ ಬಂದುದಾದರೆ ಮಾತ್ರ ಅಪಾಯವುಂಟು. ಕೆಲವು ಶಿಶುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆಯಿರುವುದು. ಆ ಆವಿ ಸೋಕಿದರೆ ಅಂಥ ಕೂಸಿನ ರಕ್ತಕಣಗಳು ಒಡೆದು, ಕಾಮಾಲೆ ಏರಿ, ಪ್ರಾಣಕ್ಕೇ ಕುತ್ತಾಗಬಹುದು. ಯಾವ ಕೂಸಿಗೆ ಆ ಕೊರತೆಯಿದೆಯೆಂದು ಮುಖ ನೋಡಿ ಹೇಳಲಾಗದು. ಬಾಣಂತಿಯ ಮನೆಯಲ್ಲಿ ಆ ಉಂಡೆಗಳೇ ಬೇಡ. ಬೇವಿನ ಸೊಪ್ಪನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಬಟ್ಟೆಗಳ ನಡುವೆ ಇಡಬಹುದು. ಹಾಗೆಂದು ಬೇವು ದೇವರು ಕೊಟ್ಟದ್ದು, ಅದರಿಂದ ಕೇಡಿಲ್ಲವೆಂದು ಬೇವಿನೆಣ್ಣೆಯನ್ನು ಕೂಸಿಗೆ ಕುಡಿಸಬಾರದು. ಅದರಿಂದ ವಿಷವೇರಿದ ಶಿಶುಗಳ ವೃತ್ತಾಂತಗಳನ್ನು ವೈದ್ಯರು ಬರೆದಿಟ್ಟಿರುವರು.

ಗೆದ್ದಲಿನ ವಿಷಯಕ್ಕೆ ಬಂದರೆ ನಮ್ಮದೇ ಇನ್ನೊಂದು ನಷ್ಟವನ್ನು ಹೇಳಬೇಕಾಗುತ್ತದೆ. ನಮ್ಮ ಪಿತಾಮಹರ ಏಳು ತಾಳೆಯೋಲೆಯ ಕಟ್ಟುಗಳೂ, ತಂದೆಯವರು ಕೈಯಾರೆ ಬರೆದ ವ್ಯಾಕರಣದ ಟಿಪ್ಪಣಿಗಳೂ ನಡುಮನೆಯ ಗೋಡೆಯ ಗೂಡಿನಲ್ಲಿದ್ದವು. ಗೋಡೆಯ ಮೇಲೆ ಮಣ್ಣಿನ ಗೆರೆಯೊಂದು ಏರುತ್ತ ಬಂದಾಗಲೆಲ್ಲ ನಾವು ಕಡ್ಡಿಪೊರಕೆಯಿಂದ ಕೆರೆದು ಸೀಮೆಯೆಣ್ಣೆ ಒರಸುತ್ತಿದ್ದೆವು. ಗೆರೆ ಮಾಯವಾದರೆ ಗೆದ್ದಲೂ ಹೋಯಿತೆಂದು ನಮ್ಮ ಎಣಿಕೆ. ಒಂದು ನವರಾತ್ರಿಯಲ್ಲಿ ಪುಸ್ತಕಪೂಜೆಗೆಂದು ಕಟ್ಟುಗಳನ್ನು ತೆಗೆದರೆ, ಮೇಲಿನ ವಸ್ತ್ರ ಇದ್ದಂತೆಯೇ ಇತ್ತು. ಬಿಚ್ಚಿದರೆ ಒಳಗೆಲ್ಲ ಕೆಂಪು ಮಣ್ಣು. ಏಳರಲ್ಲಿ ಎರಡು ಮಾತ್ರ ಉಳಿದವು. ತಂದೆಯವರ ಟಿಪ್ಪಣಿಗಳಲ್ಲಿ ಓದಬಹುದಾದ ಹಾಳೆಗಳು ಹನ್ನೊಂದು.

ಆ ಮಣ್ಣಿನ ಗೆರೆ ಗೆದ್ದಲಿನ ಮನೆಯಲ್ಲ, ಮುಚ್ಚುದಾರಿ. ಅದರ ಮೈಗೆ ಬೆಳಕೂ ಒಣಗಾಳಿಯೂ ಆಗವು. ಆದ್ದರಿಂದ ಮಣ್ಣಿನ ಸುರಂಗದೊಳಗೆ ನಡೆಯುವುದು. ದಾರಿ ಕೆಡಿಸಿದರೆ ರಾತ್ರಿಯೊಳಗೆ ಬೇರೊಂದನ್ನು ಕಟ್ಟುವುದು. ಸೀಮೆಯೆಣ್ಣೆ ಆರಿಹೋದ ಮೇಲೆ ಅದಕ್ಕೆ ಯಾವ ತಡೆಯೂ ಇಲ್ಲ. ರಾಣಿ ನೆಲದಾಳದಲ್ಲಿ ವರ್ಷಗಟ್ಟಲೆ ಮೊಟ್ಟೆಯಿಡುತ್ತಿರುವಳು. ಬಿಳಿ ಇರುವೆಯೆಂದು ಕೆಲವರು ಇದನ್ನು ಕರೆಯುವುದು ಇಂಗ್ಲಿಷಿನ ಅನುಕರಣ. ಇದು ಇರುವೆಯ ಜಾತಿಯೇ ಅಲ್ಲ, ಜಿರಲೆಗೆ ದಾಯಾದಿಯೆಂದು ಈಗಿನ ವಿದ್ವಾಂಸರು ನಿರ್ಧರಿಸಿರುವರು. ವೇದದಲ್ಲಿಯೂ ಉಪದೀಕಾ ಎಂಬ ಬೇರೆಯ ಹೆಸರೇ ಇದಕ್ಕುಂಟು. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲುಹುಳುಗಳು ಇದರ ಮುಂದಿನ ರಾಜರಾಣಿಯರು. ಅವು ಮನೆಯೊಳಗಿನ ಬಿರುಕಿನಿಂದಲೇ ಹೊರಟರೆ ಅಡಿಪಾಯವನ್ನು ಪರೀಕ್ಷಿಸತಕ್ಕದ್ದೆಂದು ತಿಳಿಯಬೇಕು. ಸೋರುವ ಕೊಳವಿ, ನೆಲಕ್ಕೆ ತಾಗಿದ ಮರ, ಗೋಡೆಗೆ ಒತ್ತಿದ ಬೀರು, ಇವು ಮೂರೂ ಗೆದ್ದಲಿಗೆ ಕೊಟ್ಟ ಆಮಂತ್ರಣಗಳು. ನೆಲಕ್ಕೆ ಮದ್ದು ಹಾಕಿಸುವುದಾದರೆ ಬಲ್ಲವರಿಂದಲೇ ಹಾಕಿಸಬೇಕು. ಕೌಟಿಲ್ಯನ ಗ್ರಂಥವೂ ಇಂಥ ತಾಳೆಯೋಲೆಯ ಕಟ್ಟಿನಿಂದಲೇ ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದು, ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ಆ ಕಟ್ಟನ್ನು ಕಾದಿಟ್ಟವರು ನಮಗಿಂತ ಎಚ್ಚರಿಕೆಯವರಾಗಿದ್ದಿರಬೇಕು.

ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಿಗಣೆ ಕೊಳಕರ ಮನೆಗೆ ಮಾತ್ರ ಬರುವುದೆಂಬುದು ಸುಳ್ಳು. ಅದು ಪ್ರಯಾಣದ ಹಾಸಿಗೆ ಪೆಟ್ಟಿಗೆಗಳೊಡನೆ ಬರುವುದು, ರಕ್ತ ಸಿಕ್ಕಿದರೆ ಅರಮನೆಯಲ್ಲಿಯೂ ಇರುವುದು. ಹಾಸಿಗೆಯನ್ನು ಬಿಸಿಲಿಗೆ ಹಾಕಿದ ಮಾತ್ರಕ್ಕೆ ಅದು ಸಾಯದು, ನೆರಳಿನ ಮಡಿಕೆಗೆ ಸರಿದುಕೊಳ್ಳುತ್ತದೆ, ಕುದಿನೀರು ಉತ್ತಮ. ಜಿರಲೆಗೆ ಪಿಚಕಾರಿಯಿಂದ ವಿಷ ಸಿಂಪಡಿಸಿದರೆ ಕಂಡವು ಸಾಯುವುವು, ಕಾಣದವು ಪಕ್ಕದ ಕೋಣೆಗೆ ಚೆದರುವುವು; ರಾತ್ರಿ ಎಂಜಲು ಪಾತ್ರೆ ಉಳಿಸದೆ, ಬಚ್ಚಲು ಒಣಗಿಸಿ, ಸಂದುಗಳಲ್ಲಿ ಲೇಪದ ತಿಂಡಿವಿಷವನ್ನು ಚುಕ್ಕೆಯಿಡುವುದು ಮೇಲು. ಕಿವಿಗೆ ಕೇಳದ ನಾದದಿಂದ ಇಲಿ ಜಿರಲೆಗಳನ್ನು ಓಡಿಸುವೆವೆಂದು ಮಾರುವ ಯಂತ್ರಗಳ ವಿಷಯದಲ್ಲಿ ಅಮೆರಿಕದ ವ್ಯಾಪಾರ ಆಯೋಗವು 2001ರಲ್ಲಿಯೇ 60ಕ್ಕೂ ಮಿಕ್ಕ ತಯಾರಕರಿಗೂ ವರ್ತಕರಿಗೂ ಎಚ್ಚರಿಕೆಯ ಪತ್ರ ಕಳುಹಿಸಿತ್ತು. ನಮ್ಮ ಭಾವಮೈದುನರು ಮೊನ್ನೆ ಒಂದನ್ನು ಕೊಂಡು ತಂದಿರುವರು. ಹಲ್ಲಿಗೆ ವಿಷವಿಲ್ಲ. ಸಾರಿನಲ್ಲಿ ಬಿದ್ದರೆ ಸಾರನ್ನು ಚೆಲ್ಲಬೇಕಾದುದು ಅದರ ಮೈಮೇಲಿನ ರೋಗಾಣುಗಳಿಗಾಗಿ. ಗೋಡೆಯ ಮೇಲಿದ್ದಾಗ ಅದು ಹುಳುಹುಪ್ಪಟೆಗಳನ್ನು ತಿಂದು ನಮಗೆ ಉಪಕಾರವನ್ನೇ ಮಾಡುತ್ತಿರುವುದು. ನವಿಲುಗರಿ ಮೊಟ್ಟೆಚಿಪ್ಪುಗಳಿಗೆ ಅದು ಹೆದರುವುದನ್ನು ನಾವಂತೂ ಕಂಡಿಲ್ಲ.

ಬಳ್ಳಿಯ ಬುಂಡೆಯನ್ನು ಅಂದೇ ತೆಗೆದು, ಬಳ್ಳಿಯನ್ನು ಮಣ್ಣಿಗೆ ನೆಟ್ಟೆವು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದೊಡನೆ ಮೊಮ್ಮಗಳು ಟಾರ್ಚು ಹಿಡಿದು ಮನೆಯನ್ನೆಲ್ಲ ಸುತ್ತುತ್ತಾಳೆ. ಆ ದಿನ ಆಕೆಯೇ ಅಧಿಕಾರಿ. ಕಳೆದ ವಾರ ನಮ್ಮ ಕೋಣೆಗೆ ಬಂದು, ನಮ್ಮ ಕುಡಿಯುವ ನೀರಿನ ಹೂಜಿಯ ಅಡಿತಟ್ಟೆಯನ್ನು ಎರಡು ಕೈಯಿಂದ ತುಳುಕದಂತೆ ಎತ್ತಿ ಮೇಜಿನ ಮೇಲಿಟ್ಟು, ‘ತಾತ, ಮೂರು’ ಎಂದಳು. ನಾವು ಕನ್ನಡಕ ಹಾಕಿಕೊಂಡು ಎಣಿಸಿದೆವು, ಮೂರೇ ಇದ್ದವು. ತಟ್ಟೆಯನ್ನು ತೆಗೆದುಕೊಂಡು ತಿಕ್ಕಲು ಬಚ್ಚಲಿಗೆ ಹೋದೆವು.